ಸೋಡಾದವರ ಕೆಗ್ಗು

ಮನೆಯಲ್ಲಿ ಬಿಯರ್ ಮಾಡುವವರನ್ನು ಕೇಳಿ ನೋಡಿ, ಮಾಡುವ ಕೆಲಸದ ಬಗ್ಗೆ ಬೇಸರಪಟ್ಟವರು ಸಿಗುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಲ್ಲಿ ನೆನೆಹಾಕಿ ಸಿಹಿನೀರು ಬಸಿಯುವುದು, ಅದನ್ನು ಕುದಿಸುತ್ತ ಹಾಪ್ಸ್ ಹಾಕುವುದು, ತಣಿಸಿ ಯೀಸ್ಟ್ ಬೆರೆಸಿ ಕತ್ತಲ ಮೂಲೆಯಲ್ಲಿಟ್ಟು ಅದರ ಗುಳುಗುಳು ಕೇಳುತ್ತ ಓಡಾಡುವುದು, ಎಲ್ಲವೂ ಖುಷಿಯ ಕೆಲಸವೇ. ಬೇಸರ ಶುರುವಾಗುವುದು ಬಾಟಲಿ ತುಂಬುವ ದಿನ. ಐದು ಗ್ಯಾಲನ್, ಅಂದರೆ ಹತ್ತಿರ ಹತ್ತಿರ 19 ಲೀಟರ್ ಬಿಯರಿಗೆ 12 ಔನ್ಸಿನ ಬಾಟಲಿ 53 ಬೇಕು. ಒಂದೊಂದನ್ನೂ ಬೆಳಕಿಗೆ ಹಿಡಿದು ತಳ ನೋಡಬೇಕು; ಮೂಲೆಯಲ್ಲಿ ಚೂರು ಗಷ್ಟು ಒಣಗಿ ಕೂತಿದ್ದರೂ ಆ ಬಾಟಲಿ ಹುಳಿಯುತ್ತದೆ. ತೊಳೆದು, ಕ್ರಿಮಿ ಕಳೆದು, ಅಳತೆಯ ಸಕ್ಕರೆ ಬೆರೆಸಿ, ತುಂಬಿ, ಮುಚ್ಚಳ ಒತ್ತಿ, ಆಮೇಲೆ ಮತ್ತೆ ಎರಡು ವಾರ ಕಾಯಬೇಕು. ಬಿಯರಿನಲ್ಲಿ ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸು ಬಿಟ್ಟರೇನೇ ನೊರೆ. ಸಕ್ಕರೆ ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ, ಕಡಿಮೆಯಾದರೆ ಬಿಯರ್ ಸಪ್ಪೆ.

ಈ 53ರ ಬದಲು ಒಂದೇ ಪಾತ್ರೆ ತೊಳೆದು, ಒಂದೇ ಕೊಳವೆಯಲ್ಲಿ ತುಂಬಿ, ಸಿಲಿಂಡರಿನಿಂದ ಗ್ಯಾಸು ಕೊಟ್ಟು, ನಲ್ಲಿ ಒತ್ತಿದರೆ ಲೋಟಕ್ಕೆ ಬಿಯರ್ ಬರುವ ಹಾಗಿದ್ದರೆ? ಅದೇ ಕೆಗ್ಗು. ಒಂದು ಸಲ ಅದಕ್ಕೆ ಹೊಂದಿಕೊಂಡವರು ಬಾಟಲಿಗೆ ಹಿಂತಿರುಗಿದ್ದನ್ನು ನಾನು ಕಂಡಿಲ್ಲ. ಆದರೆ ಅಂಗಡಿಯಲ್ಲಿ ಹೊಳೆಯುವ ಹೊಸ ಸೆಟ್ಟು ನೋಡಿದವರು ಬೆಲೆಯ ಚೀಟಿ ಓದಿ ಸುಮ್ಮನೆ ಇನ್ನೊಂದು ಡಜನ್ ಬಾಟಲಿ ಕೊಂಡು ಮನೆಗೆ ಬರುತ್ತಾರೆ. ನನಗೆ ಅದು ಸಂಕಟದ ವಿಷಯ. ಕೆಗ್ಗು ಕಾಸಿದ್ದವರ ಸಾಮಾನಲ್ಲ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದು ತಿಳಿದರೆ ಸಾಮಾನ್ಯ ಸಂಬಳದವರೂ ಒಂದೊಂದೇ ಭಾಗ ಕೂಡಿಸಿ ಕಟ್ಟಿಕೊಳ್ಳಬಹುದು. ಉಕ್ಕು ಹಳೆಯದಾದರೆ ನಷ್ಟವಿಲ್ಲ. ರಬ್ಬರು ಮತ್ತು ರೆಗ್ಯುಲೇಟರು ಮಾತ್ರ ಹೊಸದಿರಬೇಕು. ಈಚೆಗೆ ನಮ್ಮ ಕನ್ನಡ ಕೂಟದ ಹುಡುಗನೊಬ್ಬ, ಹಾಸನದ ಕಡೆಯವನು, "ಅಣ್ಣಾ, ನನಗೂ ಒಂದು ಸೆಟ್ಟು ಮಾಡಿಸಿಕೊಡಿ, ಆದರೆ ಜೇಬಿಗೆ ಭಾರ ಆಗಬಾರದು" ಅಂತ ಕೇಳಿಕೊಂಡಿದ್ದಾನೆ. ಅವನಿಗೆ ಹೇಳುತ್ತಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಮಿನೆಸೋಟಾದಲ್ಲಿ. ಮದ್ಯಪಾನ ನಿಷೇಧವನ್ನು ಜಾರಿಗೆ ತಂದ 1919ರ ಕಾಯ್ದೆಗೆ ಹೆಸರು ಕೊಟ್ಟ ಆಂಡ್ರ್ಯೂ ವೋಲ್‌ಸ್ಟೆಡ್ ಈ ರಾಜ್ಯದಿಂದಲೇ ಆರಿಸಿ ಹೋದವರು. ನಿಷೇಧ 1933ರಲ್ಲಿ ತೊಲಗಿತು, ಮನೆಯಲ್ಲಿ ವೈನ್ ಮಾಡುವುದಕ್ಕೆ ಅಡ್ಡಿ ಉಳಿಯಲಿಲ್ಲ. ಬಿಯರಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, 1979ರ ಫೆಬ್ರುವರಿಯಿಂದ, ಮನೆಯ ಬಿಯರಿಗೆ ಕೇಂದ್ರ ಸರಕಾರದ ಒಪ್ಪಿಗೆ ಸಿಕ್ಕಿತು. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್. ಕುಡಿಯಬಹುದು, ಹಂಚಬಹುದು, ಮಾರುವಂತಿಲ್ಲ. ರಾಜ್ಯಗಳು ತಮ್ಮ ತಮ್ಮ ಕಾನೂನು ತಿದ್ದಿಕೊಳ್ಳಲು ಇನ್ನೂ ಕಾಲ ಹಿಡಿಯಿತು. ಅಲಬಾಮಾ, ಮಿಸಿಸಿಪಿಗಳು ಒಪ್ಪಿದ್ದು 2013ರಲ್ಲಿ. ಊರಿನಿಂದ ಫೋನು ಮಾಡಿ "ಇದನ್ನೆಲ್ಲ ಬೆಂಗಳೂರಲ್ಲೂ ಮಾಡಬಹುದಲ್ಲ" ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕರ್ನಾಟಕದ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೆಂಗಳೂರಿನ ಪಬ್ಬುಗಳು ತಮ್ಮ ಬಿಯರನ್ನು ತಾವೇ ಕಾಸುವುದು ಪರವಾನಗಿ ಪಡೆದು. ಮನೆಯಲ್ಲಿ ಮಾಡಹೋಗಬೇಡಿ.

ಇನ್ನು ಕೆಗ್ಗಿನ ಕಥೆ. ಮನೆ ಬಿಯರಿನವರು ಬಳಸುವ ಐದು ಗ್ಯಾಲನ್ನಿನ ಕೆಗ್ಗನ್ನು ಬಿಯರಿಗೆಂದು ಮಾಡಿದ್ದೇ ಅಲ್ಲ. ಅದು ಸೋಡಾ ಕಂಪನಿಗಳ ಸಾಮಾನು. ಪೆಪ್ಸಿ, ಕೋಕಾಕೋಲಾದ ಶರಬತ್ತನ್ನು ಹೋಟೆಲು, ಚಿತ್ರಮಂದಿರಗಳಿಗೆ ಸಾಗಿಸುವುದಕ್ಕೆ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿಸಿದ ಉದ್ದನೆಯ ಡಬ್ಬ. ಮಾಡಿದವರಲ್ಲಿ ಹೆಸರುವಾಸಿ ಕಾರ್ನೀಲಿಯಸ್ ಕಂಪನಿ. ಹಾಗಾಗಿ ಯಾರು ಮಾಡಿದ್ದಾದರೂ ಸರಿ, ಎಲ್ಲರ ಬಾಯಲ್ಲೂ ಅದು ಕಾರ್ನಿ ಕೆಗ್ಗು. ಕಾರ್ನೀಲಿಯಸ್‌ನವರು ನಮ್ಮ ಮಿನೆಸೋಟಾದವರು. ಮಿನಿಯಾಪೊಲಿಸ್‌ನ ಬಡಗಣ ಮಗ್ಗುಲಿನ ಅನೋಕಾದಲ್ಲಿ ಅವರ ಕಂಪನಿ ಇತ್ತು. ಟಯರಿಗೆ ಹೆಸರಾದ ಫೈರ್‌ಸ್ಟೋನಿನವರೂ ಇಂಥ ಕೆಗ್ಗು ಮಾಡುತ್ತಿದ್ದರು. ಎಷ್ಟೋ ವರ್ಷ ಅದರ ರಾಜ್ಯಭಾರ ನಡೆಯಿತು. ಆಮೇಲೆ, 1980ರ ದಶಕದಿಂದೀಚೆಗೆ, ಸೋಡಾದವರು ಶರಬತ್ತನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕಳಿಸತೊಡಗಿದರು. ಖಾಲಿಯಾದ ಚೀಲವನ್ನು ಹಿಂತಿರುಗಿ ತರುವ ತಾಪತ್ರಯ ಇಲ್ಲ, ತೊಳೆಯುವ ಖರ್ಚಿಲ್ಲ. ಉಕ್ಕಿನ ಕೆಗ್ಗುಗಳು ಗೋದಾಮುಗಳಲ್ಲಿ ರಾಶಿ ಬಿದ್ದವು, ಗುಜರಿಯ ಬೆಲೆಗೆ ಬಂದವು. ಅದೇ ಹೊತ್ತಿಗೆ ಮನೆ ಬಿಯರಿಗೆ ಕಾನೂನಿನ ಬಾಗಿಲು ತೆರೆದು ಊರೂರಲ್ಲಿ ಜನ ಶುರು ಹಚ್ಚಿಕೊಂಡಿದ್ದರು. ಎರಡೂ ಒದಗಿ ಬಂದವು.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಸೋಡಾ ಹುಟ್ಟಿದ್ದೇ ಬಿಯರಿನ ಮನೆಯಲ್ಲಿ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಬಿಯರ್ ಕಾರ್ಖಾನೆಯೊಂದರ ಪಕ್ಕದಲ್ಲಿದ್ದರು. 1767ರ ಸುಮಾರಿಗೆ ಅವರು, ಹುದುಗು ಬರುತ್ತಿದ್ದ ತೊಟ್ಟಿಯ ಮೇಲೆ ದಟ್ಟವಾಗಿ ನಿಲ್ಲುವ ಗ್ಯಾಸಿನಲ್ಲಿ ನೀರಿನ ಪಾತ್ರೆ ಹಿಡಿದು ನೋಡಿದರು. ನೀರಿಗೆ ಚುರುಕು ರುಚಿ ಬಂದಿತು. 1772ರಲ್ಲಿ ಅದರ ವಿಧಾನವನ್ನು ಪುಸ್ತಿಕೆ ಮಾಡಿ ಪ್ರಕಟಿಸಿದರು. ಬಿಯರಿನ ಉಸಿರಿನಿಂದ ಸೋಡಾ ಆಯಿತು, ಎರಡು ಶತಮಾನದ ಮೇಲೆ ಸೋಡಾದವರ ಪಾತ್ರೆ ಬಿಯರಿಗೆ ಬಂತು. ಸಾಲ ತೀರಿದ ಹಾಗೆ ಅಂತ ನನಗೆ ಪ್ರತಿಸಲ ಕೆಗ್ಗು ತುಂಬುವಾಗಲೂ ಅನಿಸುತ್ತದೆ.

ಒಂದು ಕಾಲಕ್ಕೆ 20–30 ಡಾಲರಿಗೆ ಹಳೇ ಕೆಗ್ಗು ಕೈಗೆ ಬರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಆ ರಾಶಿ ಕರಗುತ್ತ ಬಂದಿದೆ, ಬೆಲೆ ಏರಿದೆ. ಹೊರದೇಶದಲ್ಲಿ ತಯಾರಾದ ಹೊಸ ಕೆಗ್ಗುಗಳೂ ಮಾರುಕಟ್ಟೆಗೆ ಬಂದಿವೆ, ಹಬ್ಬದ ರಿಯಾಯಿತಿಯಲ್ಲಿ ಕೆಲವೊಮ್ಮೆ ಹಳೆಯದರ ಬೆಲೆಗೇ ಸಿಗುತ್ತವೆ. ಹಾಗೆ ಸಿಕ್ಕರೆ ಹೊಸದನ್ನೇ ಕೊಳ್ಳಿ ಅನ್ನುವವರನ್ನು ನಾನು ತಪ್ಪೆನ್ನುವುದಿಲ್ಲ. ಆದರೂ ನನ್ನ ಕಣ್ಣು ಹಳೆಯದರ ಮೇಲೆ. ಕೈಬದಲಾಗಿ ಬಂದ ಸಾಮಾನಿನ ಜೊತೆ ಅದನ್ನು ಬಳಸಿದವರ ತಿಳಿವಳಿಕೆಯೂ ಬರುತ್ತದೆ. ಮಿಸಿಸಿಪಿ ನದಿಯ ದಂಡೆಯ ಸಣ್ಣ ಊರೊಂದರಲ್ಲಿ, ವಯಸ್ಸಾಗಿ ಮನೆ ಚಿಕ್ಕದು ಮಾಡಿಕೊಳ್ಳುತ್ತಿದ್ದ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ನಾನು ಕೊಂಡ ಕೆಗ್ಗು ಈಗಲೂ ನನ್ನ ಹತ್ತಿರ ಇದೆ. ಮಾರುವ ಮೊದಲು ಅವರು ಅದನ್ನು ಬಿಚ್ಚಿ ತೋರಿಸಿದರು. ಆ ಅರ್ಧ ಗಂಟೆಯಲ್ಲಿ ಕಲಿತದ್ದು ಯಾವ ಕೈಪಿಡಿಯಲ್ಲೂ ಅಷ್ಟು ಚೆನ್ನಾಗಿ ಬರೆದದ್ದು ನೋಡಿಲ್ಲ.

ಎತ್ತರ ಎರಡಡಿಗಿಂತ ಇಷ್ಟು ಹೆಚ್ಚು, ಅಗಲ ಗೇಣಿಗಿಂತ ಕಡಿಮೆ. ಮೇಲೂ ಕೆಳಗೂ ಕಪ್ಪು ರಬ್ಬರಿನ ಬಳೆ, ಹಿಡಿಗೆ ಎರಡು ಕಿಂಡಿ. ತಲೆಯ ಮೇಲೆ ಎರಡು ಮೊಳೆ ಎದ್ದು ನಿಂತಿರುತ್ತವೆ, ಒಂದು ಗ್ಯಾಸು ಒಳಹೋಗುವುದಕ್ಕೆ, ಇನ್ನೊಂದು ಬಿಯರ್ ಹೊರಬರುವುದಕ್ಕೆ. ಒಳಗೆ ಗ್ಯಾಸಿನ ಕಡೆ ಬೆರಳುದ್ದದ ನಳಿಕೆ. ಬಿಯರಿನ ಕಡೆ ತಳದ ಗುಳಿ ಮುಟ್ಟುವ ಉದ್ದ ನಳಿಕೆ. ಮೊಳೆಗಳು ನೋಡಲು ಒಂದೇ ಥರ. ಆದರೆ ಗ್ಯಾಸಿನ ಮೊಳೆಯ ಬುಡದ ಅಂಚಿಗೆ ಸಣ್ಣ ಕಚ್ಚು ಹೊಡೆದಿರುತ್ತಾರೆ, ಕತ್ತಲಲ್ಲೂ ಬೆರಳಿಗೆ ತಿಳಿಯುತ್ತದೆ. ನಟ್ಟನಡುವೆ ಮೊಟ್ಟೆಯಾಕಾರದ ಮುಚ್ಚಳ. ಆ ಹಿರಿಯರು ಅದನ್ನು ಓರೆ ಮಾಡಿ, ಬಾಯೊಳಗೆ ಇಳಿಸಿ, ಒಳಗೇ ತಿರುಗಿಸಿ, ಮೇಲಕ್ಕೆಳೆದು ಕೂರಿಸಿದರು. ಗಮನವಿಟ್ಟು ನೋಡಿ: ಮುಚ್ಚಳ ಹೊರಗಿನಿಂದ ಮುಚ್ಚುವುದಿಲ್ಲ, ಒಳಗಿನಿಂದ ಮುಚ್ಚುತ್ತದೆ. ತಂತಿಯ ಹಿಡಿ ಅದನ್ನು ಮೊದಲಿಗೆ ಹಿಡಿದಿಡುವುದಕ್ಕೆ ಅಷ್ಟೇ. ನಿಜವಾಗಿ ಬಿಗಿ ಮಾಡುವುದು ಒಳಗಿನ ಗ್ಯಾಸು. ಒತ್ತಡ ಏರಿದಷ್ಟೂ ಮುಚ್ಚಳ ಮೇಲಕ್ಕೊತ್ತಿ ರಬ್ಬರಿನ ಉಂಗುರಕ್ಕೆ ಕಚ್ಚಿಕೊಳ್ಳುತ್ತದೆ. ಒತ್ತಡ ಇರುವಾಗ ಯಾರೂ ಅದನ್ನು ತೆಗೆಯಲಾರರು, ತೆಗೆಯಬಾರದು ಕೂಡ.

ನನಗೆ ಅದು ಗೋಲಿ ಸೋಡಾದ ಹಾಗೇ ಕಂಡಿತು. ಅರಸೀಕೆರೆಯಲ್ಲಿ ನಮ್ಮ ದೊಡ್ಡಪ್ಪನದು ಸೋಡಾ ಅಂಗಡಿ. ಹಿಂದಿನ ಕೋಣೆಯಲ್ಲಿ ಗ್ಯಾಸಿನ ಸಿಲಿಂಡರು, ಕೈಯಲ್ಲಿ ತಿರುಗಿಸುವ ಮಿಷನ್ನು. ಬಾಟಲಿಯನ್ನು ತಲೆಕೆಳಗು ಮಾಡಿ ಗ್ಯಾಸು ಹಿಡಿಸಿದರೆ ಗೋಲಿ ಜಾರಿ ಕತ್ತಿಗೆ ಬಂದು, ಅಲ್ಲಿದ್ದ ರಬ್ಬರಿನ ಉಂಗುರಕ್ಕೆ ಕೂತುಬಿಡುತ್ತಿತ್ತು. ಹೊರಗಿನಿಂದ ಬಿರಡೆ ಇಲ್ಲ, ಒಳಗಿನ ಗ್ಯಾಸೇ ಬಿರಡೆ. ಆ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲೆಂಡಿನವರು 1870ರ ದಶಕದಲ್ಲಿ ಪೇಟೆಂಟು ಪಡೆದಿದ್ದರು. ದೊಡ್ಡಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ, ಉಂಗುರ ಬದಲಿಸುವ ವಿಷಯದಲ್ಲಿ ಮಾತ್ರ ಅವರು ಒಂದು ದಿನವೂ ಕಾಸಿನ ಲೆಕ್ಕ ಹಾಕಿದವರಲ್ಲ. "ಗಾಜು ನೂರು ವರ್ಷ ಬರುತ್ತೆ ಕಣೋ, ರಬ್ಬರು ಬರಲ್ಲ" ಅನ್ನುತ್ತಿದ್ದರು.

ಕೆಗ್ಗಿಗೂ ಅದೇ ಮಾತು. ಹಳೇ ಕೆಗ್ಗಿನ ಉಕ್ಕನ್ನು ನೋಡಿ ಹೆದರಬೇಡಿ. ಸೊಟ್ಟಗಾದ ಜಾಗ, ಗೀರು, ಯಾವುದೋ ಕಂಪನಿಯ ಹರಿದ ಚೀಟಿ, ಇವುಗಳಿಂದ ಬಿಯರಿಗೆ ಏನೂ ಆಗುವುದಿಲ್ಲ. ಮೈಮೇಲೆ ಅಚ್ಚು ಹೊಡೆದಿರುವ ಗರಿಷ್ಠ ಒತ್ತಡ ಸಾಮಾನ್ಯವಾಗಿ ಚದರ ಇಂಚಿಗೆ 130 ಪೌಂಡು, ಅಂದರೆ 130 ಪಿಎಸ್‌ಐ. ನಮಗೆ ಬೇಕಾದದ್ದು ಹತ್ತು ಹನ್ನೆರಡು. ನೋಡಬೇಕಾದ್ದು ಮುಚ್ಚಳ ಕೂರುವ ಬಾಯಿಯ ಅಂಚು. ಅದರ ಸುತ್ತ ಬೆರಳಾಡಿಸಿ. ಅಲ್ಲಿ ನೆಗ್ಗಿದ್ದರೆ ಬಿಟ್ಟುಬಿಡಿ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಟಾರ್ಚು ಬಿಟ್ಟು ಒಳಗೆ ನೋಡಿ, ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದರೆ ಯಾರೋ ಬ್ಲೀಚು ಹಾಕಿ ಬಿಟ್ಟಿದ್ದಾರೆ ಅಂತ ಅರ್ಥ. ಸ್ಟೇನ್‌ಲೆಸ್ ಉಕ್ಕಿಗೆ ಕ್ಲೋರಿನ್ ಆಗಿಬರುವುದಿಲ್ಲ. ಮೊಳೆಗಳ ಮರೆ ಸವೆದಿಲ್ಲ ತಾನೇ ಅಂತ ಸ್ಪ್ಯಾನರು ಹಾಕಿ ತಿರುಗಿಸಿ ನೋಡಿ. ಮೊಳೆಯ ಮರೆ ಒಂದೊಂದು ಕಂಪನಿಯದು ಒಂದೊಂದು ಅಳತೆ. ಹಾಗಾಗಿ ಬಿಚ್ಚಿದ ಭಾಗಗಳನ್ನು ಆಯಾ ಕೆಗ್ಗಿನ ಜೊತೆಗೇ ಇಡಬೇಕು. ಮಾರುವವರು "ಒತ್ತಡ ಹಿಡಿಯುತ್ತದೆ" ಅಂದರೆ, ಅವರ ಎದುರಿಗೇ ಮುಚ್ಚಳದ ಮೇಲಿನ ಗ್ಯಾಸು ಬಿಡುವ ಉಂಗುರ ಎಳೆಯಿರಿ. ಬುಸ್ಸೆಂದರೆ ಅವರ ಮಾತು ಸತ್ಯ.

ಮೂಗಿಗೂ ಕೆಲಸ ಕೊಡಿ. ಎಷ್ಟೋ ಕೆಗ್ಗುಗಳು ರೂಟ್ ಬಿಯರ್ ಎಂಬ ಸೋಡಾ ಹೊತ್ತು ತಿರುಗಿದವು. ಹೆಸರಲ್ಲಿ ಬಿಯರ್ ಇದ್ದರೂ ಅದು ಮಕ್ಕಳ ಪಾನೀಯ. ಅದಕ್ಕೆ ಘಾಟು ಕೊಡುವ ವಿಂಟರ್‌ಗ್ರೀನ್, ನೋವಿನ ಮುಲಾಮುಗಳಲ್ಲೂ ಇರುವ ಪದಾರ್ಥ, ರಬ್ಬರಿಗೆ ಹಿಡಿದರೆ ಬಿಡುವುದೇ ಇಲ್ಲ. ಉಕ್ಕನ್ನು ತೊಳೆದರೆ ಹೋಗುತ್ತದೆ, ರಬ್ಬರನ್ನು ಏನು ಮಾಡಿದರೂ ಹೋಗದು. ಒಂದು ಕೆಗ್ಗಿಗೆ ಐದು ರಬ್ಬರಿನ ಉಂಗುರ: ಮುಚ್ಚಳಕ್ಕೆ ದೊಡ್ಡದೊಂದು, ಮೊಳೆಗಳ ಹೊರಗೆ ಎರಡು, ನಳಿಕೆಗಳ ಕತ್ತಿಗೆ ಎರಡು. ಐದೂ ಸೇರಿ ಕೆಲವೇ ಡಾಲರು. ಹಳೇ ಕೆಗ್ಗು ಮನೆಗೆ ಬಂದ ದಿನವೇ ಐದನ್ನೂ ಕಿತ್ತೆಸೆದು ಹೊಸದು ಹಾಕಿ, ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಜಿಡ್ಡನ್ನು ತೆಳ್ಳಗೆ ಸವರಿ. ವ್ಯಾಸಲೀನು ಬೇಡ, ಪೆಟ್ರೋಲಿಯಂ ಜಿಡ್ಡಿಗೆ ಕೆಲವು ಬಗೆಯ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಕೊಳ್ಳುವ ಮೊದಲು ತೀರ್ಮಾನಿಸಬೇಕಾದ ಇನ್ನೊಂದಿದೆ. ಪೆಪ್ಸಿಯವರ ಕೆಗ್ಗಿಗೂ ಕೋಕಾಕೋಲಾದವರ ಕೆಗ್ಗಿಗೂ ಮೊಳೆಗೆ ಕೊಳವೆ ಸಿಕ್ಕಿಸುವ ಕೊಂಡಿ ಬೇರೆ. ಪೆಪ್ಸಿಯದು ಬಾಲ್ ಲಾಕ್: ಕೊಂಡಿಯೊಳಗಿನ ಸಣ್ಣ ಗುಂಡುಗಳು ಮೊಳೆಯ ಕತ್ತನ್ನು ಹಿಡಿಯುತ್ತವೆ. ಕೋಕ್‌ನದು ಪಿನ್ ಲಾಕ್: ಗ್ಯಾಸಿನ ಮೊಳೆಗೆ ಎರಡು ಮುಳ್ಳು, ಪಾನೀಯದ ಮೊಳೆಗೆ ಮೂರು, ತಪ್ಪು ಕಡೆ ಕೂರಿಸಲು ಹೋದರೆ ಕೂರುವುದೇ ಇಲ್ಲ. ಪಿನ್ ಲಾಕಿನ ಕೆಗ್ಗು ಕುಳ್ಳು, ದಪ್ಪ. ಗಿಡ್ಡ ಫ್ರಿಜ್ಜಿಗೆ ಅದೇ ಅನುಕೂಲ. ಹಳೇ ಬಜಾರಿನಲ್ಲಿ ಅದಕ್ಕೆ ಗಿರಾಕಿ ಕಡಿಮೆ, ಹಾಗಾಗಿ ಬೆಲೆಯೂ ಕಡಿಮೆ. ಆದರೆ ಅದರ ಮುಚ್ಚಳದಲ್ಲಿ ಕೈಯಿಂದ ಗ್ಯಾಸು ಬಿಡುವ ಉಂಗುರ ಸಾಮಾನ್ಯವಾಗಿ ಇರುವುದಿಲ್ಲ, ಬಿಡಿಭಾಗವೂ ಬಾಲ್ ಲಾಕಿನಷ್ಟು ಸುಲಭವಾಗಿ ಸಿಗದು. ಹಾಸನದ ಹುಡುಗನಿಗೆ ನಾನು ಹೇಳಿದ್ದು, ಬಾಲ್ ಲಾಕೇ ತಗೋ ಅಂತ. ಯಾವುದನ್ನೇ ತೆಗೆದುಕೊಂಡರೂ ಬೆರಕೆ ಮಾಡಬಾರದು. ಇವತ್ತು ಹತ್ತು ಡಾಲರು ಉಳಿಯಿತೆಂದು ಎರಡೂ ಜಾತಿಯ ಕೆಗ್ಗು ಮನೆ ತುಂಬಿಸಿಕೊಂಡರೆ, ಎರಡೂ ಜಾತಿಯ ಕೊಂಡಿ ಕೊಳ್ಳಬೇಕು.

ಬಿಯರ್ ಕಾರ್ಖಾನೆಗಳ ದೊಡ್ಡ ಕೆಗ್ಗಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅಂಗಡಿಯಿಂದ ಹದಿನೈದೂವರೆ ಗ್ಯಾಲನ್ನಿನ ಬಿಯರ್ ತಂದು, ಠೇವಣಿ ಕಟ್ಟಿ, "ಠೇವಣಿ ಹೋದರೆ ಹೋಗಲಿ, ಕೆಗ್ಗು ನಮ್ಮದಾಯ್ತು" ಅಂದುಕೊಳ್ಳುವವರಿದ್ದಾರೆ. ಠೇವಣಿ ಬೆಲೆಯಲ್ಲ, ಕೆಗ್ಗು ಕಾರ್ಖಾನೆಯದೇ. ಅದನ್ನು ಹೊಸದಾಗಿ ಮಾಡಿಸುವ ಖರ್ಚು ಆ ಠೇವಣಿಯ ಎಷ್ಟೋ ಪಟ್ಟು, ಸಣ್ಣ ಕಾರ್ಖಾನೆಗೆ ಅದು ದೊಡ್ಡ ಪೆಟ್ಟು. ಅಗ್ಗ ಅನ್ನುವುದು ಇನ್ನೊಬ್ಬರ ಗಂಟಿನಿಂದ ಬರಬಾರದು.

ಮುಂದಿನದು ಗ್ಯಾಸು. ಇದರ ಬಗ್ಗೆ ನಾನು ಯಾವಾಗಲೂ ಸ್ವಲ್ಪ ಉದ್ದವಾಗಿಯೇ ಮಾತಾಡುವುದು. ಮನೆಗೆ ಐದು ಪೌಂಡಿನ ಸಿಲಿಂಡರು ಸಾಕು. ಅದರಲ್ಲಿ ಎರಡೂಕಾಲು ಕಿಲೋ ಇಂಗಾಲದ ಡೈ ಆಕ್ಸೈಡು ಹಿಡಿಯುತ್ತದೆ, ಸೋರಿಕೆ ಇಲ್ಲದಿದ್ದರೆ ಎಂಟು ಹತ್ತು ಕೆಗ್ಗಿಗಾದರೂ ಬರುತ್ತದೆ. ಇದನ್ನು ಬಿಯರ್ ಸಾಮಾನಿನ ಅಂಗಡಿಗಿಂತ ವೆಲ್ಡಿಂಗ್ ಗ್ಯಾಸಿನ ಅಂಗಡಿಯಲ್ಲಿ ವಿಚಾರಿಸುವುದು ಲೇಸು. ಸಿಲಿಂಡರಿನ ಭುಜದ ಮೇಲೆ ತಿಂಗಳು, ವರ್ಷ ಅಚ್ಚು ಹೊಡೆದಿರುತ್ತಾರೆ, ಅದು ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿದ ದಿನಾಂಕ. ಇಲ್ಲಿ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು, ಅವಧಿ ಮೀರಿದರೆ ತುಂಬಿಕೊಡುವುದಿಲ್ಲ. ಆದರೆ ಎಷ್ಟೋ ಅಂಗಡಿಗಳಲ್ಲಿ ತುಂಬುವುದೇ ಇಲ್ಲ, ಖಾಲಿ ಕೊಟ್ಟು ಭರ್ತಿ ಒಯ್ಯುವ ಪದ್ಧತಿ. ಹೊಳೆಯುವ ಹೊಸ ಅಲ್ಯೂಮಿನಿಯಂ ಸಿಲಿಂಡರು ಕೊಂಡೊಯ್ದರೆ, ಬದಲಿಗೆ ಬಣ್ಣ ಕಿತ್ತ ಉಕ್ಕಿನದು ಬರುತ್ತದೆ. ಹಾಗಾಗಿ ಮೊದಲು ಅಂಗಡಿಗೆ ಹೋಗಿ ಕೇಳಿ: ತುಂಬುತ್ತೀರೋ, ಬದಲಿಸುತ್ತೀರೋ, ಅವಧಿ ಮೀರಿದ್ದನ್ನು ತೆಗೆದುಕೊಳ್ಳುತ್ತೀರೋ? ಬದಲಿಸುವವರಾದರೆ, ಅವಧಿ ಮೀರಿದ್ದಕ್ಕೂ ಒಪ್ಪಿದರೆ, ಯಾರದೋ ಗ್ಯಾರೇಜಿನ ಮೂಲೆಯಲ್ಲಿರುವ ಹಳೇ ಸಿಲಿಂಡರನ್ನು ಚಿಲ್ಲರೆ ಕಾಸಿಗೆ ಕೊಂಡರೂ ನಡೆಯುತ್ತದೆ. ಕೆಗ್ಗಿನ ವ್ಯವಹಾರದಲ್ಲಿ ಹಣ ಉಳಿಸುವ ದಾರಿಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ರೆಗ್ಯುಲೇಟರು ಮಾತ್ರ ಹೊಸದೇ ಬೇಕು ಅನ್ನುವುದು ನನ್ನ ಹಠ. ಸಾಧಾರಣ ಕೋಣೆಯ ಬಿಸಿಯಲ್ಲಿ ಸಿಲಿಂಡರಿನೊಳಗಿನ ಒತ್ತಡ 850 ಪಿಎಸ್‌ಐ ಹತ್ತಿರ ಇರುತ್ತದೆ. ಅದನ್ನು ಹನ್ನೆರಡಕ್ಕೆ ಇಳಿಸಿ, ಹಗಲೂ ರಾತ್ರಿ ಅಲ್ಲೇ ನಿಲ್ಲಿಸುವುದು ಅಂಗೈಯಗಲದ ಈ ಹಿತ್ತಾಳೆಯ ಗುಬ್ಬಿ ಮತ್ತು ಅದರೊಳಗಿನ ತೆಳ್ಳನೆ ಪೊರೆ. ಹಳೆಯದರಲ್ಲಿ ಪೊರೆ ದಣಿದಿರುತ್ತದೆ, ಹೊರಗಿನಿಂದ ಕಾಣಿಸುವುದಿಲ್ಲ. ನಿಧಾನಕ್ಕೆ ಒತ್ತಡ ಏರುತ್ತ ಹೋಗಿ ಬಿಯರೆಲ್ಲ ನೊರೆಯಾಗುತ್ತದೆ. ಇಲ್ಲವೇ ಗ್ಯಾಸು ಸೋರಿ ರಾತ್ರಿ ಕಳೆಯುವುದರೊಳಗೆ ಸಿಲಿಂಡರು ಬರಿದು. ಒತ್ತಡ ತೋರಿಸುವ ಮೀಟರು ಎರಡಿದ್ದರೆ ಒಳ್ಳೆಯದೇ, ಆದರೆ ಸಿಲಿಂಡರಿನ ಕಡೆಯ ಮೀಟರನ್ನು ನಂಬಿ ಕೂರುವಂತಿಲ್ಲ. ಒಳಗೆ ದ್ರವ ಇರುವ ತನಕ ಮುಳ್ಳು ಅಲ್ಲಾಡುವುದಿಲ್ಲ, ದ್ರವ ಮುಗಿದದ್ದೇ ದಡಕ್ಕನೆ ಬೀಳುತ್ತದೆ. ಎಷ್ಟು ಉಳಿದಿದೆ ಅಂತ ತಿಳಿಯಲು ತಕ್ಕಡಿಗೆ ಇಡಬೇಕು, ಖಾಲಿ ತೂಕ ಸಿಲಿಂಡರಿನ ಮೇಲೆಯೇ ಅಚ್ಚಾಗಿರುತ್ತದೆ. ರೆಗ್ಯುಲೇಟರಿಗೂ ಸಿಲಿಂಡರಿಗೂ ನಡುವೆ ಒಂದು ವಾಶರು ಬೇಕೆಂಬುದನ್ನು ಮರೆಯಬಾರದು. ಅದರ ಬೆಲೆ ಬಿಡಿಗಾಸು. ಎಲ್ಲ ಜೋಡಿಸಿದ ಮೇಲೆ, ಅಡುಗೆ ಗ್ಯಾಸಿಗೆ ನೋಡುವಂತೆಯೇ, ಒಂದೊಂದು ಕೊಂಡಿಗೂ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಿ.

ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರ. ಕಿಟಕಿಯಿಲ್ಲದ ಸಣ್ಣ ನೆಲಮಾಳಿಗೆಯಲ್ಲಿ ಸಿಲಿಂಡರು ಪೂರ್ತಿ ಸೋರಿದರೆ ಉಸಿರಿಗೇ ಕುತ್ತು. ಸಿಲಿಂಡರನ್ನು ನಿಲ್ಲಿಸಿಯೇ ಇಡಬೇಕು, ಉರುಳದಂತೆ ಪಟ್ಟಿ ಕಟ್ಟಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿ, ಸೀದಾ ಮನೆಗೆ ಬನ್ನಿ, ಬಿಸಿಲಲ್ಲಿ ಕಾರು ನಿಲ್ಲಿಸಿ ದಿನಸಿ ತರಲು ಹೋಗಬೇಡಿ. ಈ ಮಾತನ್ನು ಆ ಹುಡುಗನಿಗೆ ನಾನು ಒತ್ತಿ ಒತ್ತಿ ಹೇಳಿದ್ದೇನೆ, ಅವನಿಗೆ ಪುಟ್ಟ ಮಗುವಿದೆ.

ನಲ್ಲಿಗೆ ಖರ್ಚು ಮಾಡುವುದು ಶೋಕಿ. ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆದು ಕ್ರೋಮಿನ ನಲ್ಲಿ ಕೂರಿಸಿದರೆ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಐದಾರು ಡಾಲರಿಗೆ ಸಿಗುವ ಕಪ್ಪು ಪ್ಲಾಸ್ಟಿಕ್ಕಿನ ಪಿಕ್ನಿಕ್ ನಲ್ಲಿಯಿಂದ ಬರುವ ಬಿಯರಿಗೆ ರುಚಿ ಒಂದು ಗುಲಗಂಜಿಯೂ ಕಮ್ಮಿಯಿಲ್ಲ. ಹೆಬ್ಬೆರಳಿನಲ್ಲಿ ಒತ್ತಿದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗಮನ ಕೊಡಬೇಕಾದ್ದು ಕೊಳವೆಯ ಉದ್ದಕ್ಕೆ. ಹೊಸಬರು ಎರಡಡಿ ಕೊಳವೆ ಹಾಕಿ, ಲೋಟದ ತುಂಬ ನೊರೆ ಬಂದಾಗ ಕೆಗ್ಗನ್ನು ಬೈಯುತ್ತಾರೆ. 38 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಅಂದರೆ 3 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ, 12 ಪಿಎಸ್‌ಐ ಒತ್ತಡ ಕೊಟ್ಟರೆ ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರಿನಷ್ಟು ಗ್ಯಾಸು ಕರಗಿ ಕೂರುತ್ತದೆ. ತಣ್ಣಗಿದ್ದಷ್ಟೂ, ಒತ್ತಡ ಇದ್ದಷ್ಟೂ ಹೆಚ್ಚು ಕರಗುತ್ತದೆ ಅನ್ನುವುದನ್ನು ವಿಲಿಯಂ ಹೆನ್ರಿ 1803ರಲ್ಲೇ ಅಳೆದು ತೋರಿಸಿದ್ದರು. ಆ ಒತ್ತಡದಿಂದ ಒಮ್ಮೆಗೇ ಹೊರಗಿನ ಗಾಳಿಗೆ ಬಿದ್ದರೆ ಕರಗಿದ್ದೆಲ್ಲ ಸಿಟ್ಟೆದ್ದು ಹೊರಬರುತ್ತದೆ. ಇಂಚಿನ ಹದಿನಾರರಲ್ಲಿ ಮೂರು ಪಾಲು ಒಳತೂತಿನ ಕೊಳವೆಯಲ್ಲಿ ಎಂಟು ಹತ್ತು ಅಡಿ ಹರಿದು ಬಂದರೆ, ಗೋಡೆಗೆ ಉಜ್ಜುತ್ತ ಉಜ್ಜುತ್ತ ಒತ್ತಡ ಇಳಿದು, ನಲ್ಲಿಯ ಬಾಯಿಗೆ ಬರುವ ಹೊತ್ತಿಗೆ ಶಾಂತವಾಗಿರುತ್ತದೆ. ನೊರೆಯ ಕಾಯಿಲೆಗೆ ಜನ ನೂರು ಡಾಲರಿನ ನಲ್ಲಿ ಹುಡುಕುತ್ತಾರೆ; ಮದ್ದಿರುವುದು ನಾಲ್ಕು ಡಾಲರಿನ ಕೊಳವೆಯಲ್ಲಿ.

ಫ್ರಿಜ್ಜಿಗೆ ಹೆಚ್ಚು ಹೇಳುವುದಿಲ್ಲ. ಯಾರೋ ಅಡುಗೆಮನೆ ಹೊಸದು ಮಾಡಿಸುವಾಗ ಹಳೇ ಫ್ರಿಜ್ಜು ಹೊರಬೀಳುತ್ತದೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಟೇಪು ಹಿಡಿದುಕೊಂಡು ಹೋಗಿ, ಕೆಗ್ಗಿನ ಎತ್ತರದ ಜೊತೆ ಕೊಂಡಿಯ ಎತ್ತರವನ್ನೂ ಕೂಡಿಸಿ ಅಳೆಯಿರಿ. ಮಿನೆಸೋಟಾದ ಜನವರಿಯಲ್ಲಿ ಗ್ಯಾರೇಜಿನೊಳಗೆ ಬಿಯರನ್ನು ತಣ್ಣಗಿಡುವುದಕ್ಕಲ್ಲ, ಹೆಪ್ಪುಗಟ್ಟದಂತೆ ಕಾಯುವುದಕ್ಕೆ ಫ್ರಿಜ್ಜು ಬೇಕು. ಅದಕ್ಕೇ ನಾನು ನಮ್ಮದನ್ನು ನೆಲಮಾಳಿಗೆಯಲ್ಲಿ ಇಟ್ಟಿದ್ದೇನೆ, ಕಿಟಕಿಯಿರುವ ಕಡೆ. ಬೇಕಾದ್ದು ತಂಪು, ಅಂದವಲ್ಲ.

ನಮ್ಮನೆಯ ಫ್ರಿಜ್ಜಿನಲ್ಲಿ ಎರಡು ಕೆಗ್ಗು ಇವೆ. ಒಂದರಲ್ಲಿ ಬಿಯರು. ಇನ್ನೊಂದರಲ್ಲಿ ಬರೀ ನೀರು, ಆದರೆ 30 ಪಿಎಸ್‌ಐ ಕೊಟ್ಟು ಚುರ್ರೆನ್ನುವ ಹಾಗೆ ಮಾಡಿದ ನೀರು; ಅದಕ್ಕೆಂದು ಎರಡನೇ ರೆಗ್ಯುಲೇಟರು, ಇನ್ನೂ ಉದ್ದದ ಕೊಳವೆ. ನಮ್ಮಾಕೆ ಬಿಯರ್ ಮುಟ್ಟುವುದಿಲ್ಲ. ನಿಂಬೆಹಣ್ಣು, ಉಪ್ಪು, ಚೂರು ಜೀರಿಗೆಪುಡಿ ಹಾಕಿ ಆ ಸೋಡಾ ಬೆರೆಸಿ ಬಂದವರಿಗೆಲ್ಲ ಕೊಡುತ್ತಾಳೆ. ಯುಗಾದಿಗೆ ಮನೆ ತುಂಬ ಜನ ಸೇರಿದಾಗ ಮಕ್ಕಳು ಲೋಟ ಹಿಡಿದು ಸಾಲು ನಿಂತಿದ್ದು ಆ ನಲ್ಲಿಯ ಮುಂದೆ. "ರೀ, ನಿಮ್ಮ ಬಿಯರು ಮುಗಿದರೆ ತಡೆಯಬಹುದು, ನನ್ನ ಸೋಡಾ ಮುಗಿಯಕೂಡದು" ಅಂತ ಅವಳು ಮೊದಲೇ ಹೇಳಿಟ್ಟಿದ್ದಳು. ಕೆಗ್ಗಿಗೆ ಹಾಕುವ ಹಣ ಯಾಕೆ ದಂಡವಲ್ಲ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಎರಡನೆಯದನ್ನು. ಕುಡಿಯದವರ ಪಾಲೂ ಇದರಲ್ಲಿದೆ.

ಹಾಸನದ ಹುಡುಗ ನಿನ್ನೆ ರಾತ್ರಿ ಫೋನು ಮಾಡಿದ್ದ. ಪೆಪ್ಸಿಯ ಹಳೇ ಕೆಗ್ಗು ಒಂದನ್ನು ಊರಾಚೆ ನೋಡಿ ಬಂದಿದ್ದಾನೆ. ಬಾಯಿಯ ಅಂಚು ಸರಿಯಿದೆ, ಉಂಗುರ ಎಳೆದಾಗ ಬುಸ್ಸೆಂದಿತು, ಒಳಗೆ ರೂಟ್ ಬಿಯರಿನ ಘಾಟು. "ಜೊತೆಗೆ ರೆಗ್ಯುಲೇಟರನ್ನೂ ಕೊಡ್ತಾರಂತೆ ಅಣ್ಣಾ, ಇಪ್ಪತ್ತೇ ಡಾಲರು" ಅಂದ. ಕೆಗ್ಗು ತಗೋ, ರೆಗ್ಯುಲೇಟರು ಬೇಡ ಅಂದೆ. ಉಂಗುರಗಳ ಒಂದು ಸೆಟ್ಟು ನನ್ನ ಡಬ್ಬಿಯಲ್ಲಿದೆ, ಅದನ್ನು ಕೊಡುತ್ತೇನೆ. ಶನಿವಾರ ಇಬ್ಬರೂ ಸಿಲಿಂಡರು ವಿಚಾರಿಸಲು ವೆಲ್ಡಿಂಗ್ ಅಂಗಡಿಗೆ ಹೋಗುವುದೆಂದು ಆಗಿದೆ. ಅವರು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಬೇಗ ಬಾ ಅಂದಿದ್ದೇನೆ.